ಅಚ್ಚಿಲ್ಲದ ಬೈರಿಗೆ

ಬಸ್ಸು ಹೊರಟ ಮೇಲೆ ತನಗೆ ಸಂತೋಷವಾಗುತ್ತಿದೆ ಎಂಬುದು ಚಿಕ್ಕಮಾದಯ್ಯನಿಗೆ ಗೊತ್ತಾಯಿತು, ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಸಂತೋಷಪಡುವುದಕ್ಕೆ ಇದು ಹೊತ್ತಲ್ಲ. ಆದರೆ ಮೈ ತನ್ನ ಪಾಡಿಗೆ ತಾನು ಸುಖಪಡುತ್ತಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಪುಷ್ಯಮಾಸದ ಎಳೆಬಿಸಿಲು ಎಡಗೆನ್ನೆಯ ಮೇಲೆ ಬಿದ್ದು ಹಿತವಾಗಿತ್ತು. ಯುದ್ಧ ಶುರುವಾಗಿ ಪೆಟ್ರೋಲಿಗೆ ತತ್ವಾರವಾದ ಮೇಲೆ ಮದ್ದೂರು ಮಳವಳ್ಳಿ ಬಸ್ಸಿನ ಬೆನ್ನಿಗೆ ಒಂದು ಇದ್ದಲಿನ ಒಲೆ ಕಟ್ಟಿದ್ದರು. ಅದರ ಹೊಗೆಯೆಲ್ಲ ಹಿಂದಿನ ಸೀಟಿನವರ ಪಾಲಿಗೆ ಹೋಗುತ್ತಿದ್ದುದರಿಂದ ಮುಂದೆ ಕೂತವನಿಗೆ ಏನೂ ತೊಂದರೆ ಇರಲಿಲ್ಲ. ಹದಿನೆಂಟು ವರ್ಷದಿಂದ ಬೆಳಗಾದರೆ ಕಾರ್ಖಾನೆಯ ಸಾಮಾನು ಕೋಣೆಯ ಕಬ್ಬಿಣದ ಜಾಲರಿಯ ಹಿಂದೆ ಕೂರುವವನಿಗೆ ಕೆಲಸದ ದಿನದಲ್ಲಿ ಹೀಗೆ ಗದ್ದೆ ನೋಡಿಕೊಂಡು ಹೋಗುವ ಭಾಗ್ಯ ಯಾವಾಗ ಬರುತ್ತದೆ? ಬಂದದ್ದು ಪೊಲೀಸ್ ಸ್ಟೇಷನ್ನಿನ ಕರೆಯಿಂದ. ತೊಡೆಯ ಮೇಲಿನ ಕೈಚೀಲವನ್ನು ಅವನು ಇನ್ನೊಮ್ಮೆ ಒತ್ತಿ ನೋಡಿಕೊಂಡ. ಒಳಗೆ ಹೆಂಡತಿ ದೇವಿರಮ್ಮ ಕಟ್ಟಿಕೊಟ್ಟ ಬುತ್ತಿ ಇತ್ತು. ಬುತ್ತಿಯ ಕೆಳಗೆ, ಟವಲ್ಲಿನಲ್ಲಿ ಸುತ್ತಿ, ಅವಳಿಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಸಣ್ಣ ಸುತ್ತಿಗೆ ಮತ್ತು ಎರಡು ಅಂಕಿಯ ಅಚ್ಚುಗಳು ಇದ್ದವು. ಬೆರಳುದ್ದದ ಉಕ್ಕಿನ ಅಚ್ಚುಗಳು. ಒಂದರ ತುದಿಯಲ್ಲಿ ನಾಲ್ಕು, ಇನ್ನೊಂದರ ತುದಿಯಲ್ಲಿ ಎರಡು.

ವಿಷಯ ಇಷ್ಟೇ. ಮದ್ದೂರಿನ ಕಬ್ಬಿಣದ ಕಾರ್ಖಾನೆಯಿಂದ ಮೂರು ವಾರದ ಹಿಂದೆ ತೂತು ಕೊರೆಯುವ ಕರೆಂಟಿನ ಬೈರಿಗೆಯೊಂದು ಕಳುವಾಗಿತ್ತು. ಕಬ್ಬಿನ ಗಾಣ, ನೀರೆತ್ತುವ ಪಂಪು ರಿಪೇರಿ ಮಾಡಿಕೊಂಡಿದ್ದ ಆ ಕಾರ್ಖಾನೆಗೆ ಈಗ ಯುದ್ಧದ ಕೆಲಸವೂ ಬಂದಿತ್ತು, ಆ ಬೈರಿಗೆ ಇಲ್ಲದೆ ಅರ್ಧ ಕೆಲಸ ನಿಂತಿತ್ತು. ಅದನ್ನು ಕೊನೆಗೆ ಕೈಯಲ್ಲಿ ಹಿಡಿದಿದ್ದವನು ಫಿಟ್ಟರ್ ಸಿದ್ದರಾಮು ಎಂದು ಅವನನ್ನು ಮನೆಗೆ ಕಳಿಸಿದ್ದರು. ಈಗ ಅಂಥದೇ ಬೈರಿಗೆ ಕಿರುಗಾವಲಿನ ಅಕ್ಕಿಗಿರಣಿಯ ನಾಗಯ್ಯ ಎಂಬವನ ಹತ್ತಿರ ಸಿಕ್ಕಿ ಮಳವಳ್ಳಿ ಸ್ಟೇಷನ್ನಿಗೆ ಬಂದಿತ್ತು. ತಾನು ಬೆಂಗಳೂರಿನಲ್ಲಿ ಕೊಂಡದ್ದು ಎಂದು ನಾಗಯ್ಯ ಹೇಳುತ್ತಿದ್ದನಂತೆ. ನಿನ್ನೆ ಮ್ಯಾನೇಜರು ಚಿಕ್ಕಮಾದಯ್ಯನನ್ನು ಕರೆದು, "ಹೋಗಿ ಗುರುತು ಹಿಡಿದು ಬನ್ನಿ. ನಮ್ಮದೇ ಆಗಿದ್ದರೆ ನಿಜವಾದ ಕಳ್ಳ ಹೊರಬೀಳುತ್ತಾನೆ, ಸಿದ್ದರಾಮು ಬಚಾವು, ಇಲ್ಲದಿದ್ದರೆ ಅವನ ಮೇಲೆ ಕೇಸು. ಹೇಗೂ ನಂಬರು ಇದೆಯಲ್ಲ, ನಲವತ್ತೆರಡು," ಎಂದಿದ್ದರು. ಚಿಕ್ಕಮಾದಯ್ಯ "ಹೂಂ ಸ್ವಾಮಿ" ಎಂದಿದ್ದ. ಪುಸ್ತಕದಲ್ಲಿ ನಲವತ್ತೆರಡು ಎಂದು ದುಂಡಗೆ ಬರೆದವನು ಅವನೇ. ಬೈರಿಗೆಯ ಮೈಮೇಲೆ ಮಾತ್ರ ಏನೂ ಇರಲಿಲ್ಲ.

ನಂಬರು ಹಾಕಬಾರದು ಎಂದೇನೂ ಹಟ ಇರಲಿಲ್ಲ. ಕಳೆದ ವರ್ಷ ಭಾದ್ರಪದದಲ್ಲಿ, ಯುದ್ಧದ ಸಾಮಾನು ಮಾಡುವ ಕಾರ್ಖಾನೆಗಳಲ್ಲಿ ಕಳ್ಳತನ ಹೆಚ್ಚಾಗಿದೆ, ಕೆಲಸದ ಪ್ರತಿಯೊಂದು ಆಯುಧದ ಮೇಲೂ ನಂಬರು ಹೊಡೆಯಬೇಕು, ಹೊಡೆದದ್ದನ್ನು ಸರಪಳಿ ಹಾಕಿ ಬೀಗ ಜಡಿಯಬೇಕು ಎಂದು ಮೇಲಿನಿಂದ ಕಾಗದ ಬಂದಾಗ ಅವನಷ್ಟು ಹುರುಪಿನಿಂದ ಕೂತವರು ಯಾರೂ ಇಲ್ಲ. ಎರಡೇ ದಿನದಲ್ಲಿ ಸ್ಪ್ಯಾನರು, ಇಕ್ಕಳ, ಅರ, ಸುತ್ತಿಗೆ ಎಲ್ಲದಕ್ಕೂ ಹೊಡೆದ. ಅಚ್ಚು ಇಟ್ಟು ಒಂದೇ ಏಟು. ಅಂಕಿ ಮುತ್ತಿನ ಹಾಗೆ ಮೂಡುತ್ತಿತ್ತು. ಏನೇ ಹೇಳಲಿ, ಸ್ವಲ್ಪ ಜಂಬವೂ ಬಂದಿತ್ತು ಅವನಿಗೆ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ನಂಬರು ಎಲ್ಲಿ ಹೊಡೆಯಬಹುದು ಎಂದು ಕಣ್ಣು ಹುಡುಕುತ್ತಿತ್ತು. ಆಮೇಲೆ ಕರೆಂಟಿನ ಸಾಣೆಯ ಸರದಿ ಬಂತು. ಅದರ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಅಚ್ಚಿಟ್ಟು ಹೊಡೆದಾಗ ಸುತ್ತಿಗೆಯ ಸದ್ದಿನ ಹಿಂದೆ ಇನ್ನೊಂದು ಸಣ್ಣ ಸದ್ದು ಬಂತು. ಕೂದಲೆಳೆಯಷ್ಟು ಬಿರುಕು. ಯಾರಿಗೂ ಕಾಣದು, ಅವನಿಗೆ ಕಾಣುತ್ತಿತ್ತು. ಮುಂದಿನದು ಬೈರಿಗೆ. ಯುದ್ಧಕ್ಕೆ ಮುಂಚಿನ ಕಡೆಯ ಹಡಗಿನಲ್ಲಿ ಬಂದದ್ದು, ಒಡೆದರೆ ಇನ್ನೊಂದು ಬರುವುದಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಚ್ಚು ಹಿಡಿದ, ಸುತ್ತಿಗೆ ಎತ್ತಿದ. ಕೈ ಇಳಿಯಲಿಲ್ಲ. ನಾಳೆ ಹೊಡೆದರಾಯಿತು ಎಂದು ಪುಸ್ತಕದಲ್ಲಿ ಮಾತ್ರ ನಲವತ್ತೆರಡು ಬರೆದ. ಆ ನಾಳೆ ಬರಲೇ ಇಲ್ಲ. ದಿನಾ ಬೆಳಿಗ್ಗೆ ಬೈರಿಗೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಆ ನುಣುಪಾದ ಜಾಗದ ಮೇಲೆ ಹೆಬ್ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು.

ಬಸ್ಸು ಕಾಳಮುದ್ದನದೊಡ್ಡಿಯಲ್ಲಿ ನಿಂತಿತು. ಸಿದ್ದರಾಮುವಿನ ಊರು ಇಲ್ಲಿಂದ ಒಳಗೆ ಒಂದು ಮೈಲಿ. ಚಿಕ್ಕಮಾದಯ್ಯ ತಲೆ ತಗ್ಗಿಸಿ ಕೈಚೀಲದ ದಾರ ಸರಿಮಾಡತೊಡಗಿದ, ಅಲ್ಲಿ ಸಿದ್ದರಾಮು ಇರಲಿಲ್ಲ, ಇರುವ ಸಂಭವವೂ ಇರಲಿಲ್ಲ, ಆದರೂ ಬಸ್ಸು ಮತ್ತೆ ಹೊರಡುವ ತನಕ ತಲೆ ಎತ್ತಲಿಲ್ಲ. ಸಿದ್ದರಾಮು ಈಗ ಯಾರದೋ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದಾನೆ ಎಂದು ಕೇಳಿದ್ದ. ಕರೆಂಟಿನ ಬೈರಿಗೆಯಲ್ಲಿ ಕೂದಲೆಳೆಯಷ್ಟೂ ವಾರೆಯಾಗದ ಹಾಗೆ ತೂತು ಕೊರೆಯುವ ಕೈ, ಒಲೆಗೆ ಸಿಪ್ಪೆ ತುಂಬುತ್ತಿದೆ. ಆ ದಿನ ಸಾಯಂಕಾಲ ಏನು ನಡೆಯಿತು? ಕೆಲಸಗಾರನಿಗೆ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಕೊಟ್ಟು ಆಯುಧ ತೆಗೆದುಕೊಂಡು ಹೋಗಬೇಕು, ಆಯುಧ ಕೊಟ್ಟು ಬಿಲ್ಲೆ ವಾಪಸು ಪಡೆಯಬೇಕು. ಕೊಡುವುದೂ ಪಡೆಯುವುದೂ ಚಿಕ್ಕಮಾದಯ್ಯನ ಕೈಯಿಂದಲೇ ಆಗಬೇಕು. ಆ ದಿನ ಅವನು ಕೋಣೆಯ ಹಿಂಭಾಗದಲ್ಲಿ ಅರಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾ ಕೂತಿದ್ದ. ಅದು ಅವನಿಗೆ ಬಹಳ ಇಷ್ಟದ ಕೆಲಸ. ಕಿಟಕಿಯ ಕಡೆಯಿಂದ ಸಿದ್ದರಾಮುವಿನ ದನಿ ಬಂತು: "ಮಾದಣ್ಣ, ಬೈರ್ಗೆ ಮಡ್ಗಿವ್ನಿ ಕಣಣ್ಣ, ಬಿಲ್ಲೆ ತಕ್ಕಂಡೆ." ಅವನು ಎದ್ದು ಬರದೆ "ಹೂಂ" ಎಂದ. ಎದ್ದು ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಏನೂ ಇರಲಿಲ್ಲ. ಮಾರನೆಯ ದಿನ ಮ್ಯಾನೇಜರು ಕೇಳಿದರು, ಬೈರಿಗೆ ವಾಪಸು ಬಂದದ್ದನ್ನು ನೀವು ನೋಡಿದಿರಾ? "ನೋಡ್ಲಿಲ್ಲ ಸ್ವಾಮಿ," ಎಂದ. ಸುಳ್ಳಲ್ಲ, ನೋಡಿರಲಿಲ್ಲ. ಕೇಳಿಸಿತೇ ಎಂದು ಅವರು ಕೇಳಲಿಲ್ಲ. ಆ ಹೊತ್ತಿನಲ್ಲಿ ಸಿದ್ದರಾಮು ಪಕ್ಕದಲ್ಲೇ ನಿಂತಿದ್ದ. ಬೈಯಲಿಲ್ಲ, ಆಣೆ ಹಾಕಲಿಲ್ಲ. ಚಿಕ್ಕಮಾದಯ್ಯನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಆ ನೋಟ ನೆನಪಾದರೆ ಈಗಲೂ ಚಿಕ್ಕಮಾದಯ್ಯನ ಕಿವಿ ಬಿಸಿಯಾಗುತ್ತದೆ. ತಾನು ಕೆಟ್ಟವನಲ್ಲ ಎಂದು ಅವನಿಗೆ ಗೊತ್ತು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ.

ನಂಬರಿಲ್ಲದ್ದು ಇಲ್ಲಿಯವರೆಗೆ ಹೊರಗೆ ಬೀಳದೆ ಉಳಿದದ್ದಾದರೂ ಹೇಗೆಂದು ನೆನೆಸಿಕೊಂಡರೆ ನಗು ಬರುತ್ತದೆ, ಬಸ್ಸಿನಲ್ಲಿ ಒಬ್ಬನೇ ನಗಬಾರದೆಂದು ಅವನು ಕೆಮ್ಮಿದ. ಆಯುಧಪೂಜೆಯ ದಿನ ಕಾರ್ಖಾನೆಯ ಸಾಮಾನೆಲ್ಲ ತೊಳೆದು, ಒರೆಸಿ, ಜಮಖಾನದ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡುವುದು ಸಾಮಾನು ಕೋಣೆಯವನ ಹಕ್ಕು. ಎರಡೇ ದಿನಕ್ಕೆ ನಂಬರು ನೋಡಲು ಬೆಂಗಳೂರಿನಿಂದ ಸಾಹೇಬರು ಬರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಎಲ್ಲದಕ್ಕೂ ಒಂದೊಂದು ಎಳೆ ವಿಭೂತಿ ಎಳೆದವನು ಬೈರಿಗೆಗೆ ಮಾತ್ರ ಮೂರು ಬೆರಳಿನ ಪಟ್ಟೆ ಬಳಿದು, ನಡುವೆ, ನಂಬರು ಇರಬೇಕಾದ ಜಾಗದಲ್ಲಿ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿ ಒತ್ತಿಬಿಟ್ಟ. ದೇವರಿಗೆ ಗೊತ್ತು, ಅದು ಭಕ್ತಿಯಲ್ಲ. ಬಂದ ಸಾಹೇಬರು ಕೋಟು ಟೈ ಕಟ್ಟಿದವರಾದರೂ ಹಣೆಯಲ್ಲಿ ನಾಮ ಇತ್ತು. ಒಂದೊಂದೇ ಸಾಮಾನು ಎತ್ತಿ ನಂಬರು ಓದಿ ಮುಂದೆ ಹೋಗುತ್ತಿದ್ದವರು ಬೈರಿಗೆ ಕೈಗೆ ಬಂದಾಗ ಕುಂಕುಮದ ಮೇಲೆ ಹೆಬ್ಬೆರಳು ಇಟ್ಟರು. ಸಾಹೇಬರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, "ಪೂಜೆ ಮಾಡಿದ್ದನ್ನ ಯಾಕೆ ಅಳಿಸೋದು, ನಲವತ್ತೆರಡು ತಾನೆ?" ಎಂದರು. ಹೂಂ ಎಂದ. ಅವರು ಟಿಕ್ಕು ಹಾಕಿಕೊಂಡು, ಬೆರಳಿಗೆ ಹತ್ತಿದ ಕುಂಕುಮವನ್ನು ಎಲ್ಲಿ ಒರೆಸುವುದೆಂದು ಸುತ್ತ ನೋಡಿ ಕೊನೆಗೆ ತಮ್ಮ ಹಣೆಗೇ ಇಟ್ಟುಕೊಂಡರು. ಅಂದು ಮನೆಗೆ ಹೋಗಿ ಅವನು ಎರಡು ಮುದ್ದೆ ಉಂಡಿದ್ದ.

ಮಳವಳ್ಳಿ ಸ್ಟೇಷನ್ನಿನಲ್ಲಿ ಸಬ್ ಇನ್‌ಸ್ಪೆಕ್ಟರು ಊಟಕ್ಕೆ ಹೋಗಿದ್ದರು. ಕಾನ್‌ಸ್ಟೇಬಲ್ಲು ಒಳಗೆ ಕರೆದು ಕೂರಿಸಿ, ಮೇಜಿನ ಕಡೆ ಕೈ ತೋರಿಸಿ, "ಅಲ್ಲೈತೆ ನೋಡ್ಕೊಳಿ, ಸಾಹೇಬ್ರು ಬತ್ತಾರೆ," ಎಂದು ಬೀಡಿ ಸೇದಲು ಜಗುಲಿಗೆ ಹೋದ. ಬೈರಿಗೆ ಮೇಜಿನ ಮೇಲೆ ಮಲಗಿತ್ತು. ಅದರ ಕುತ್ತಿಗೆಗೆ ಒಂದು ಚೀಟಿ ಕಟ್ಟಿದ್ದರು. ನೋಡಿದ ಕೂಡಲೇ ಚಿಕ್ಕಮಾದಯ್ಯನಿಗೆ ಬಂದದ್ದು ಸಿಟ್ಟು: ವೈರನ್ನು ಒರಟಾಗಿ ಸುತ್ತಿದ್ದರು, ಮೂತಿಗೆ ಎಣ್ಣೆ ಕಾಣಿಸದೆ ಎಷ್ಟು ದಿನವಾಗಿತ್ತೋ. ಎತ್ತಿಕೊಂಡ. ಆ ಭಾರ ತೋಳಿಗೆ ಗೊತ್ತಿತ್ತು. ಇದು ಅದೇ. ಪ್ರಪಂಚದಲ್ಲಿ ಇಂಥ ಬೈರಿಗೆಗಳು ಸಾವಿರ ಇರಬಹುದು, ಇದು ಅದೇ. ಆದರೆ ತೋಳಿಗೆ ಗೊತ್ತು ಎಂದು ಪೊಲೀಸರಿಗೆ ಹೇಳುವುದು ಹೇಗೆ? ಸುತ್ತ ನೋಡಿದ. ಬೈರಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚೀಲದಿಂದ ಟವಲ್ಲು ಬಿಚ್ಚಿದ. ನಾಲ್ಕರ ಅಚ್ಚನ್ನು ಆ ನುಣುಪಾದ ಜಾಗದಲ್ಲಿ ನೆಟ್ಟಗೆ ಹಿಡಿದ. ಒಂದು ಏಟು, ಇನ್ನೊಂದು ಏಟು, ಅಷ್ಟಾದರೆ ಸಿದ್ದರಾಮು ಕೆಲಸಕ್ಕೆ ಬರುತ್ತಾನೆ, ತನ್ನ ಮರ್ಯಾದೆ ಉಳಿಯುತ್ತದೆ, ಬಿರುಕು ಬಿಟ್ಟರೂ ಬಿಡಲಿ. ಸುತ್ತಿಗೆ ಎತ್ತಿದ. ಕೈ ಇಳಿಯಲಿಲ್ಲ. ಭಾದ್ರಪದದಲ್ಲಿ ಹೇಗೆ ನಿಂತಿತ್ತೋ ಹಾಗೆಯೇ ನಿಂತಿತು, ಈ ಸಲ ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

"ಯಾಕಣ್ಣೋ, ನಿಲ್ಲಿಸ್ಬುಟ್ಟೆ?"

ಬಾಗಿಲ ಮರೆಯ ಬೆಂಚಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಕೂತಿದ್ದ. ಕೋಟಿನ ಮೇಲೆಲ್ಲ ಅಕ್ಕಿತೌಡಿನ ಪುಡಿ. ಇವನೇ ನಾಗಯ್ಯ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಂಬ್ರ ಮನೆಯಿಂದ್ಲೇ ತಂದಿದ್ದೀಯ," ಎಂದ ನಾಗಯ್ಯ, ಸಿಟ್ಟಿಲ್ಲದೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ದನಿಯಲ್ಲಿ. "ಒಡಿ ಒಡಿ. ನಾನೂ ನೋಡ್ಬುಡ್ತೀನಿ. ನನ್ನ ಕಳ್ಳ ಅಂದ್ರಲ್ಲ ಎಲ್ಲಾರೂವೆ."

ಹದಿನೆಂಟು ವರ್ಷದಲ್ಲಿ ಒಂದು ಮೊಳೆ ಮನೆಗೆ ಒಯ್ದವನಲ್ಲ ಎಂದು ಕಾರ್ಖಾನೆಯಲ್ಲಿ ಚಿಕ್ಕಮಾದಯ್ಯನ ಹೆಸರು. ಈಗ ಕದ್ದ ಮಾಲು ಇಟ್ಟುಕೊಂಡವನು ಅವನನ್ನು ನೋಡಿ ನಗುತ್ತಿದ್ದಾನೆ, ನಗುವುದಕ್ಕೆ ಕಾರಣವೂ ಇದೆ. ಸುತ್ತಿಗೆಯನ್ನು ಚೀಲಕ್ಕೆ ಹಾಕಬೇಕೆಂದುಕೊಂಡವನು ಹಾಕಲಿಲ್ಲ. ಸುತ್ತಿಗೆಯನ್ನೂ ಎರಡು ಅಚ್ಚುಗಳನ್ನೂ ಬೈರಿಗೆಯ ಪಕ್ಕದಲ್ಲಿ, ಅಂಗಡಿಯಲ್ಲಿ ಸಾಮಾನು ಇಡುವ ಹಾಗೆ, ಸಾಲಾಗಿ ಇಟ್ಟು ಕೈಕಟ್ಟಿ ಕೂತ. ಸಬ್ ಇನ್‌ಸ್ಪೆಕ್ಟರು ಬಂದರು. ಅಡಿಕೆ ಅಗಿಯುತ್ತಾ ಮೇಜನ್ನು ನೋಡಿ, "ಇದೆಲ್ಲ ಏನು?" ಎಂದರು.

"ನಂಬರು ಒಡಿಯೋ ಅಚ್ಚು ಸ್ವಾಮಿ. ಇಲ್ಲಿ ಕೂತು ಒಡಿಯೋಣ ಅಂತ ತಂದಿದ್ದೆ. ಒಡೀನಿಲ್ಲ." ದನಿ ತನ್ನದಲ್ಲ ಎನ್ನಿಸುವಷ್ಟು ಸಲೀಸಾಗಿ ಬಂತು. "ಪುಸ್ತಕದಲ್ಲಿ ಬರೆದಿರೋ ನಂಬರು ಸುಳ್ಳು. ಬೈರ್ಗೆ ಒಡೆದೋಗ್ತದೆ ಅಂತ ನಾನು ಆಕ್ನೇ ಇಲ್ಲ." ಒಂದು ಬಾಯಿಂದ ಬಿದ್ದ ಮೇಲೆ ಇನ್ನೊಂದೂ ತಡೆಯಲಿಲ್ಲ. "ಇನ್ನೂ ಒಂದೈತೆ ಸ್ವಾಮಿ. ಸಿದ್ದರಾಮು ಆವತ್ತು ವಾಪಸ್ ಮಡ್ಗಿದ್ದ. ಮಡ್ಗಿವ್ನಿ ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಎದ್ದು ಬರ್ನಿಲ್ಲ. ನೋಡ್ಲಿಲ್ಲ ಅಂತ ಮ್ಯಾನೇಜರ್‌ಗೆ ಏಳ್ಬುಟ್ಟೆ."

ಸಬ್ ಇನ್‌ಸ್ಪೆಕ್ಟರು ಒಂದು ಅಚ್ಚನ್ನು ಎತ್ತಿ ನೋಡಿ ಕೆಳಗಿಟ್ಟರು. "ಹಾಗಾದರೆ ಇದು ನಿಮ್ಮದೇ ಅನ್ನೋದಕ್ಕೆ ಗುರುತು?"

ಆಗ ಅವನಿಗೆ ನೆನಪಾಯಿತು, ನೆನಪಾದದ್ದಕ್ಕೆ ಅವನಿಗೇ ಆಶ್ಚರ್ಯ. ಇಷ್ಟು ದಿನ ಇಲ್ಲದ ನಂಬರಿನದೇ ಚಿಂತೆಯಲ್ಲಿ, ಇರುವುದರ ಕಡೆ ಬುದ್ಧಿ ಹೋಗಿರಲಿಲ್ಲ. ಬೈರಿಗೆಯ ಎರಡು ಮಗ್ಗುಲಲ್ಲಿ ಕರೆಂಟನ್ನು ಒಳಗೆ ಮುಟ್ಟಿಸುವ ಕಾರ್ಬನ್ನಿನ ಎರಡು ತುಂಡು ಇರುತ್ತವೆ, ಬಳಪದ ಚೂರಿನಷ್ಟು. ಸವೆದರೆ ಹೊಸದು ಹಾಕಬೇಕು, ಯುದ್ಧದಲ್ಲಿ ಹೊಸದು ಎಲ್ಲಿಂದ ಬರಬೇಕು? ಹೋದ ಬೇಸಿಗೆಯಲ್ಲಿ ಅವನು ಹಳೆಯ ದೊಡ್ಡ ಮೋಟಾರಿನ ಕಾರ್ಬನ್ನನ್ನು ಗರಗಸದಲ್ಲಿ ಕೊಯ್ದು, ಮೂರು ದಿನ ಕಲ್ಲಿಗೆ ಉಜ್ಜಿ, ಎರಡು ತುಂಡು ಮಾಡಿ ಕೂರಿಸಿದ್ದ.

"ಬಿಚ್ಚೋಕೆ ಮುಂಚೆ ಏಳ್ತೀನಿ ಸ್ವಾಮಿ, ಬರ್ಕಳಿ. ಎಡಗಡೇದು ಒಂಚೂರು ಗಿಡ್ಡ. ಉಜ್ಜಿದ್ದು ಜಾಸ್ತಿಯಾಯ್ತು. ಅದಕ್ಕೆ ಇಂದ್ಗಡೆ ಒಂದು ಇತ್ತಾಳೆ ಚೂರು ಕೊಟ್ಟಿವ್ನಿ, ಮೂರು ಮೂಲೆದು. ಬಲಗಡೇದಕ್ಕೆ ಏನೂ ಇಲ್ಲ."

ಸಬ್ ಇನ್‌ಸ್ಪೆಕ್ಟರು ನಾಗಯ್ಯನ ಕಡೆ ತಿರುಗಿದರು. "ನೀನೂ ಹೇಳಯ್ಯ. ಒಳಗೆ ಏನಿದೆ?"

ನಾಗಯ್ಯ ಬೈರಿಗೆಯನ್ನೇ ನೋಡಿದ. "ಏನಿರ್ತದೆ ಸ್ವಾಮಿ," ಎಂದ, "ಕರೆಂಟಿರ್ತದೆ."

ಬಾಗಿಲಲ್ಲಿ ಕಾನ್‌ಸ್ಟೇಬಲ್ಲು ನಕ್ಕುಬಿಟ್ಟ. ಮುಚ್ಚಳ ಬಿಚ್ಚಿದಾಗ ಮೂರು ಮೂಲೆಯ ಹಿತ್ತಾಳೆ ಚೂರು ಮೇಜಿನ ಮೇಲೆ ಬಿತ್ತು. ಆಮೇಲೆ ನಾಗಯ್ಯನಿಂದ ಮಾತು ಹೊರಡಿಸುವುದು ಕಷ್ಟವಾಗಲಿಲ್ಲ: ಕಾರ್ಖಾನೆಗೆ ಸಾಮಾನು ತರುತ್ತಿದ್ದ ಲಾರಿಯ ಡ್ರೈವರನೊಬ್ಬ ಕಿಟಕಿಯ ಕಟ್ಟೆಯ ಮೇಲಿಂದ ಎತ್ತಿಕೊಂಡು ಬಂದು ಅವನಿಗೆ ಮಾರಿದ್ದ. ಚಿಕ್ಕಮಾದಯ್ಯ ಹೇಳಿದ್ದನ್ನೆಲ್ಲ ಬರೆಸಿ, ಓದಿಸಿ, ರುಜು ಹಾಕಿಸಿಕೊಂಡರು. "ಸುಳ್ಳು ನಂಬರು ಬರೆದಿರುತ್ತೇನೆ" ಎಂಬಲ್ಲಿ ಓದುತ್ತಿದ್ದ ಕಾನ್‌ಸ್ಟೇಬಲ್ಲನ ದನಿ ಏಕೆ ಅಷ್ಟು ಜೋರಾಯಿತೋ. "ಇದರ ನಕಲು ನಿಮ್ಮ ಮ್ಯಾನೇಜರಿಗೆ ಹೋಗುತ್ತೆ," ಎಂದರು ಸಬ್ ಇನ್‌ಸ್ಪೆಕ್ಟರು, "ಕೆಲಸಕ್ಕೆ ಕುತ್ತು ಬಂದರೂ ಬರಬಹುದು." ಬರಲಿ ಸ್ವಾಮಿ ಎಂದ. ಧೈರ್ಯದಿಂದ ಅಂದದ್ದಲ್ಲ, ಹೊಟ್ಟೆ ಹಸಿದಿತ್ತು. ಕೆರೆ ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದ. ತಾನು ನಿಜ ಹೇಳಿದ್ದು ಸಿದ್ದರಾಮುವಿಗಾಗಿಯೋ, ನಾಗಯ್ಯ ನೋಡಿಬಿಟ್ಟ ಎಂಬ ಭಯಕ್ಕೋ? ಉಪ್ಪಿನಕಾಯಿ ನೆಕ್ಕುತ್ತಾ ಯೋಚಿಸಿದ. ಎರಡೂ ಇರಬಹುದು. ಅಕ್ಕಿರೊಟ್ಟಿ ಬಹಳ ರುಚಿಯಾಗಿತ್ತು. ದೇವಿರಮ್ಮ ಬೆಳಿಗ್ಗೆ "ಯಾಕೆ ಮಕ ಇಂಗ್ ಮಾಡ್ಕಂಡಿದ್ದೀರಿ" ಎಂದು ಕೇಳಿದ್ದಳು. ಈಗ ಕೇಳಿದರೆ ಹೇಳುವುದಕ್ಕೆ ಏನಾದರೂ ಇತ್ತು.

ವಾಪಸು ಬರುವ ಬಸ್ಸಿನಿಂದ ಕಾಳಮುದ್ದನದೊಡ್ಡಿಯಲ್ಲಿ ಇಳಿದ. ಇಳಿಯಬೇಕೆಂದು ಮನಸ್ಸು ಮಾಡಿದ ನೆನಪಿಲ್ಲ. ಕಬ್ಬಿನ ಗದ್ದೆಗಳ ನಡುವೆ ಗಾಡಿಜಾಡಿನಲ್ಲಿ ಒಂದು ಮೈಲಿ ನಡೆಯುವಾಗ ಎಳ್ಳಷ್ಟೂ ಹೆದರಿಕೆ ಇಲ್ಲದ್ದು ನೋಡಿ ಅವನಿಗೇ ಸೋಜಿಗ. ಹೇಳಬೇಕಾದ ಮಾತನ್ನು ಕಟ್ಟುತ್ತಾ ಹೋದ: ನೋಡ್ಲಾ ಸಿದ್ದರಾಮು, ನಿನ್ನ ಬಿಡಿಸಿಕೊಂಡು ಬಂದಿದ್ದೇನೆ, ನನ್ನ ಮಾನ ಹೋದರೂ ಚಿಂತೆಯಿಲ್ಲ. ಕಟ್ಟಿದ ಮಾತು ಚೆನ್ನಾಗಿಯೇ ಇತ್ತು. ಅದರಲ್ಲಿ ತನ್ನ ಪಾಲು ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು, ಕಾಣಲಿ ಎಂದುಕೊಂಡ. ಆಲೆಮನೆಯ ಮುಂದೆ ಒಣಗಿದ ಸಿಪ್ಪೆಯ ರಾಶಿ. ಒಲೆಯ ಗುಂಡಿಯಲ್ಲಿ ಸಿದ್ದರಾಮು ಕುಕ್ಕರುಗಾಲಿನಲ್ಲಿ ಕೂತು ಬೆಂಕಿಯ ಬಾಯಿಗೆ ಸಿಪ್ಪೆ ನೂಕುತ್ತಿದ್ದ. ಹುಬ್ಬು ಸುಟ್ಟು ಕೆಂಚಾಗಿತ್ತು. ತಲೆ ಎತ್ತಿ ನೋಡಿ, "ಬಾ ಮಾದಣ್ಣ," ಎಂದ, ದಿನಾ ಬರುವವನನ್ನು ಕರೆಯುವ ಹಾಗೆ.

ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಬೈರ್ಗೆ ಸಿಕ್ತು," ಎಂದ ಚಿಕ್ಕಮಾದಯ್ಯ. "ನಾಳೆ ನೀನು ಕೆಲ್ಸಕ್ಕೆ ಬರ್ಬೋದು." ಗುಂಡಿಯ ಅಂಚಿನಲ್ಲಿ ಕೂತ. "ಅದರ ಮೇಲೆ ನಂಬರು ಇರ್ನಿಲ್ಲ ಕಣ್ಲಾ. ನಾನು ಆಕಿರ್ನಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆದಿದ್ದೆ. ಇವತ್ತು ಪೊಲೀಸ್ನೋರ್ ಮುಂದೆ ಒಪ್ಕಂಡೆ. ನೀನು ಮಡ್ಗಿವ್ನಿ ಅಂದಿದ್ದನ್ನೂ ಒಪ್ಕಂಡೆ."

ಸಿದ್ದರಾಮು ಕೋಲಿನಿಂದ ಬೆಂಕಿ ಕೆದಕಿದ. "ನಂಬ್ರ ಇಲ್ದೆ ಇದ್ದುದ್ದು ನಂಗೊತ್ತಿಲ್ವ? ನಾಕು ವರ್ಸ ಅದನ್ನ ಎದೆಗೊತ್ಕಂಡು ಕೊರ್ದೋನು ನಾನು."

"ಗೊತ್ತಿತ್ತಾ?" ಚಿಕ್ಕಮಾದಯ್ಯನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮ್ಯಾನೇಜರ ಮೇಜಿನ ಮುಂದೆ, ಇವನ ಒಂದು ಮಾತಿಗೆ ಕಳ್ಳ ಯಾರು ಸುಳ್ಳ ಯಾರು ಎಲ್ಲ ತಿರುಗುಮುರುಗಾಗುತ್ತಿತ್ತು. ಇವನು ಬಿಲ್ಲೆ ಇಟ್ಟು ಎದ್ದು ಬಂದು, ಮೂರು ವಾರದಿಂದ ಇಲ್ಲಿ ಹುಬ್ಬು ಸುಟ್ಟುಕೊಳ್ಳುತ್ತಿದ್ದಾನೆ. "ಮತ್ತೆ ಆವತ್ತು ಯಾಕ್ಲಾ ಅನ್ನಿಲ್ಲ?"

"ಅಂದಿದ್ರೆ ನಿನ್ನ ಕೆಲ್ಸ ಓಯ್ತಿತ್ತು." ಸಿದ್ದರಾಮು ಇನ್ನೊಂದು ಹಿಡಿ ಸಿಪ್ಪೆಯನ್ನು ಒಳಗೆ ನೂಕಿ ಕೈ ಕೊಡವಿಕೊಂಡ. "ನೀನೇ ಬಾಯ್ಬುಡ್ತೀಯ ಅಂತ ಗೊತ್ತಿತ್ತು ಕಣಣ್ಣ. ಇಷ್ಟ್ ದಿನ ತಕ್ಕತೀಯ ಅಂತ ಗೊತ್ತಿರ್ನಿಲ್ಲ."